ಒಂದು ಬಸ್ಸಿನ ದೂರದ ಸಾಕ್ಷಿ

"ಓಬುಳಪತಿ ಅನ್ನೋ ಹೆಸರಿನೋರು ಈ ಕಲ್ಯಾಣದುರ್ಗದಲ್ಲಿ ಮೂರು ಜನ ಅವ್ರೆ ಸಾರೂ. ಒಬ್ಬ ಅಕ್ಕಸಾಲಿ, ಒಬ್ಬ ಪೋಸ್ಟ್‌ಮ್ಯಾನು, ಇನ್ನೊಬ್ಬ ನಮ್ಮ ಭಾವಮೈದ. ಅವನಿಗೆ ಹಿಪ್ಪುನೇರಳೆ ಸೊಪ್ಪಿಗೂ ಹುಣಸೆ ಸೊಪ್ಪಿಗೂ ವ್ಯತ್ಯಾಸ ತಿಳೀದು. ರೇಷ್ಮೆ ಹುಳು ಸಾಕೋ ಓಬುಳಪತಿ ಮಾತ್ರ ಇಲ್ಲ, ಲೇದು."

ಬಸ್ ನಿಲ್ದಾಣದ ಎದುರಿನ ಹೋಟೆಲಿನ ಮುತ್ಯಾಲಮ್ಮ ಹೀಗೆ ಹೇಳಿ ಕಾಫಿಯ ಲೋಟವನ್ನು ಹಲಗೆಯ ಮೇಲೆ ಕುಕ್ಕಿದಳು.

ಹಿಂದೂಪುರದಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟು ಬಂದಿದ್ದ ಸೋಮಶೇಖರಪ್ಪನವರು ಆ ಲೋಟವನ್ನು ಮುಟ್ಟಲಿಲ್ಲ. ಅರವತ್ತೆರಡು ವರ್ಷದ ಆ ನಿವೃತ್ತ ನೌಕರರ ಕೈಯಲ್ಲಿ ಹಳದಿ ಬಣ್ಣದ ಒಂದು ಕರಪತ್ರವಿತ್ತು. ಲೇಪಾಕ್ಷಿಯ ಬಳಿಯ ಬೇವಿನಪಲ್ಲಿಯಲ್ಲಿ ಅದು ಹರಡತೊಡಗಿ ಹದಿಮೂರು ದಿನಗಳಾಗಿದ್ದವು. ಅಲ್ಲಿ ರೇಷ್ಮೆಯ ಮರಿಹುಳುಗಳನ್ನು ಸಾಕಿ ರೈತರಿಗೆ ಕೊಡುವ ಊರಿನ ಚಾಕಿಮನೆಯನ್ನು ನೋಡಿಕೊಳ್ಳುತ್ತಿದ್ದ ಚೌಡಕ್ಕನ ಕೈಯಿಂದ ಆ ಮನೆಯ ಕೀಲಿಕೈಯನ್ನು ಕಿತ್ತುಕೊಳ್ಳಬೇಕೇ ಬೇಡವೇ ಎಂಬುದನ್ನು ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಪಂಚಾಯಿತಿ ತೀರ್ಮಾನಿಸಲಿತ್ತು.

ಅವರು ಕರಪತ್ರವನ್ನು ಮತ್ತೊಮ್ಮೆ ಓದಿದರು. ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ತೆಲುಗು.

"ರೈತ ಬಾಂಧವರೇ! ನಾನೂ ನಿಮ್ಮಂತೆಯೇ ಮಣ್ಣಿಗೆ ಬೆವರು ಸುರಿಸಿದವನು. ಚೌಡಕ್ಕನ ಚಾಕಿ ತಂದು, ಮೂವತ್ತು ತಟ್ಟೆ ಹುಳುಗಳನ್ನು ಕಣ್ಣೀರಿಡುತ್ತ ಗುಂಡಿಗೆ ಸುರಿದೆನು. ಊರೂರುಗಳೇ ಆಕೆಯನ್ನು ಕೈಬಿಟ್ಟಿವೆ. ನೀವೊಬ್ಬರೇ ಏಕೆ ಮೋಸ ಹೋಗುವಿರಿ? ಇತಿ, ಕಲ್ಯಾಣದುರ್ಗದ ಓಬುಳಪತಿ, ರೈತ."

"ಈ ಕಾಗದಾನಾ?" ಎಂದು ಮುತ್ಯಾಲಮ್ಮ ಬಗ್ಗಿ ನೋಡಿದಳು. "ಇದು ನಮ್ಮೂರಿಗೂ ಬಂದೈತಲ್ಲ! ಚೌಡಕ್ಕನ ಹುಳು ಬಸ್ಸಲ್ಲಿ ಇಲ್ಲೀಗೂ ಬತ್ತಾವೆ. ತಾಳಿ, ವಡೆ ಕಟ್ಟಿ ಕೊಡೋಕೆ ಒಂದು ಕಟ್ಟು ಎತ್ತಿಟ್ಕೊಂಡಿವ್ನಿ."

ಎಣ್ಣೆಯ ಕಲೆ ಹತ್ತಿದ್ದ ಹಾಳೆಯನ್ನು ಅವಳು ಒಲೆಯ ಪಕ್ಕದಿಂದ ಎಳೆದು ಕೊಟ್ಟಳು. ಅದೇ ಹಳದಿ. ಅದೇ ಬೆವರು, ಅದೇ ಮೂವತ್ತು ತಟ್ಟೆ, ಅದೇ ಗುಂಡಿ. ಕೆಳಗಿನ ಹೆಸರು ಮಾತ್ರ ಬೇರೆ: "ಹಿಂದೂಪುರದ ನರಸಿಂಹಯ್ಯ, ರೈತ."

ಸೋಮಶೇಖರಪ್ಪನವರು ಎರಡು ಹಾಳೆಗಳನ್ನೂ ಪಕ್ಕಪಕ್ಕದಲ್ಲಿ ಹರಡಿದರು. ಹಿಂದೂಪುರದ ಕಡೆಯವರಿಗೆ ಕಲ್ಯಾಣದುರ್ಗದವನು ಅತ್ತಿದ್ದಾನೆ. ಕಲ್ಯಾಣದುರ್ಗದವರಿಗೆ ಹಿಂದೂಪುರದವನು ಅತ್ತಿದ್ದಾನೆ.

"ಇದನ್ನು ನೀನು ನಂಬಿದೆಯೇನಮ್ಮ?"

"ನಂಬ್ದೆ ಸಾರೂ. ನಮ್ಮೂರೋನು ಬರ್ದಿದ್ರೆ ನಂಬ್ತಿರ್ಲಿಲ್ಲ. ನಮ್ಮೂರೋರ ಸುಳ್ಳೆಲ್ಲ ನನ್ನ ಹೋಟ್ಲಲ್ಲೇ ಹುಟ್ಟೋದು, ನಂಗೆ ಗೊತ್ತಿಲ್ವಾ? ಆದ್ರೆ ಅಲ್ಲೆಲ್ಲೋ ಹಿಂದೂಪುರದಾಗೆ ಇರೋನಿಗೆ ನಮ್ಮ ಹತ್ರ ಸುಳ್ಳು ಹೇಳಿ ಏನಾಗ್ಬೇಕು?"

ಆ ಮಾತು ಕಿವಿಗೆ ಬಿದ್ದೊಡನೆ ಸೋಮಶೇಖರಪ್ಪನವರು ಹಾಳೆಗಳಿಂದ ತಲೆಯೆತ್ತಿದರು. ಇದೇ ಮಾತನ್ನು, ಹೆಚ್ಚುಕಡಿಮೆ ಇದೇ ಶಬ್ದಗಳಲ್ಲಿ, ಅವರು ಎಂದೋ ಪಾಠದಂತೆ ಹೇಳಿಕೊಟ್ಟಿದ್ದರು.

"ಕಾಫಿ ಆರೋಯ್ತು ನೋಡಿ," ಎಂದಳು ಮುತ್ಯಾಲಮ್ಮ. "ಓಬುಳಪತಿ ಸಿಗದಿದ್ರೆ ಹೋಗ್ಲಿ, ನಮ್ಮ ಭಾವಮೈದನ್ನೇ ಕರ್ಕೊಂಡೋಗಿ. ಒಂದು ಪ್ಲೇಟು ಬೋಂಡಾ ಕೊಟ್ರೆ ಎಲ್ಲಿ ಬೇಕಾದ್ರೂ ಅಳ್ತಾನೆ."

*

ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಆಸನ ಸಿಕ್ಕಿತು. ಹೊರಗೆ ಕಡಲೆಕಾಯಿಯ ಕೆಂಪು ಹೊಲಗಳೂ ಕಲ್ಲುಗುಡ್ಡಗಳೂ ಸರಿಯುತ್ತಿದ್ದರೂ ಅವರ ದೃಷ್ಟಿ ಮಡಿಲಿನ ಹಾಳೆಗಳ ಮೇಲೆಯೇ ನೆಟ್ಟಿತ್ತು.

ಇಪ್ಪತ್ತಾರು ವರ್ಷಗಳ ಕಾಲ ಅವರು ಸರ್ಕಾರದ ಪ್ರಚಾರದ ವ್ಯಾನಿನೊಂದಿಗೆ ಈ ಸೀಮೆಯ ಹಳ್ಳಿಹಳ್ಳಿಯನ್ನೂ ಸುತ್ತಿದ್ದರು. ಹಗಲಿನಲ್ಲಿ ಕರಪತ್ರ ಬರೆಯುವುದು, ಸಂಜೆ ಬಿಳಿಯ ಪರದೆ ಕಟ್ಟಿ ಚಿತ್ರ ತೋರಿಸುವುದು, ಧ್ವನಿವರ್ಧಕದಲ್ಲಿ ಮಾತನಾಡುವುದು. ಸಿಡುಬಿನ ಚುಚ್ಚುಮದ್ದು, ಸಣ್ಣ ಉಳಿತಾಯ, ಹೊಸ ಬೀಜ. ಎಲ್ಲ ಕಡೆಯೂ ಅವರಿಗೆ 'ವ್ಯಾನ್ ಸಾರು' ಎಂದೇ ಹೆಸರು. ನಿವೃತ್ತರಾಗಿ ನಾಲ್ಕು ವರ್ಷಗಳಾದ ಮೇಲೂ, ಯಾವುದಾದರೂ ಕಾಗದ ಸುಳ್ಳೋ ನಿಜವೋ ಎಂಬ ಅನುಮಾನ ಹುಟ್ಟಿದಾಗ ಜನ ಅವರ ಬಾಗಿಲಿಗೇ ಬರುತ್ತಿದ್ದರು.

ಆದುದರಿಂದ ಅವರು ಈ ಕರಪತ್ರವನ್ನು ರೈತನಂತೆ ಓದಲಿಲ್ಲ. ಬಡಗಿಯೊಬ್ಬನು ಮತ್ತೊಬ್ಬ ಬಡಗಿ ಮಾಡಿದ ಕುರ್ಚಿಯನ್ನು ತಿರುಗಿಸಿ ನೋಡುವಂತೆ ನೋಡಿದರು. 'ನಿಮ್ಮಂತೆಯೇ' ಎಂಬ ಶಬ್ದ ಓದುಗನ ಪಕ್ಕದಲ್ಲಿ ಬಂದು ಕುಳಿತುಕೊಳ್ಳುತ್ತದೆ. ಪಕ್ಕದಲ್ಲಿ ಕುಳಿತವನನ್ನು ಯಾರೂ ಗುರುತಿನ ಚೀಟಿ ಕೇಳುವುದಿಲ್ಲ. ಅನಂತರ 'ಊರೂರುಗಳೇ' ಎಂಬ ಮಾತು. ಎಷ್ಟು ಊರು, ಯಾವ ಊರು ಎಂದು ಅದು ಹೇಳುವುದಿಲ್ಲ; ಹೇಳಿದ್ದರೆ ಎಣಿಸಬಹುದಿತ್ತು. ಕೊನೆಗೆ 'ನೀವೊಬ್ಬರೇ'. ಇದುವರೆಗೆ ಚೌಡಕ್ಕನ ವಿಷಯವಾಗಿದ್ದದ್ದು ಈ ಒಂದು ಶಬ್ದದಿಂದ ಓದುವವನ ಮಾನದ ವಿಷಯವಾಗುತ್ತದೆ. ಹುಳು ಸಾಯುವ ಭಯಕ್ಕಿಂತ, ಊರಿನ ಮುಂದೆ ದಡ್ಡನಾಗುವ ಭಯ ದೊಡ್ಡದು.

ಹುಳು ಸತ್ತದ್ದು ಯಾವ ರೋಗದಿಂದ ಎಂಬುದನ್ನು ಮಾತ್ರ ಹಾಳೆ ಎಲ್ಲಿಯೂ ಹೇಳಿರಲಿಲ್ಲ. ಅದನ್ನು ಕೇಳಬೇಕೆಂದು ಯಾರಿಗೂ ತೋರಿರಲಿಲ್ಲ.

ಇವೆಲ್ಲವೂ ಸಾಮಾನ್ಯ ಬುದ್ಧಿಯುಳ್ಳ ಯಾರಿಗಾದರೂ ಹೊಳೆಯಬಹುದಾದ ಉಪಾಯಗಳು. ಆದರೆ ಹೆಸರುಗಳನ್ನು ಅದಲುಬದಲು ಮಾಡಿದ ಆ ಲೆಕ್ಕಾಚಾರ ಹಾಗಲ್ಲ.

'ಸಾಕ್ಷಿ ಹೇಳುವವನು ಒಂದು ಬಸ್ಸಿನ ದೂರದಲ್ಲಿರಬೇಕು. ಅದಕ್ಕಿಂತ ಹತ್ತಿರದಲ್ಲಿದ್ದರೆ ಜನ ಹೋಗಿ ವಿಚಾರಿಸುತ್ತಾರೆ. ಎರಡು ಬಸ್ಸು ಬದಲಿಸುವಷ್ಟು ದೂರದಲ್ಲಿದ್ದರೆ ಅವನು ತಮ್ಮವನೆಂದು ಅನ್ನಿಸುವುದಿಲ್ಲ.'

ಈ ಸೂತ್ರ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಅದನ್ನು ಕಟ್ಟಿದವರು ಸೋಮಶೇಖರಪ್ಪನವರು. ಕೇಳಿದವರು ಇಬ್ಬರು. ವ್ಯಾನಿನ ಚಾಲಕ ಪೆದ್ದಣ್ಣ ತೀರಿಕೊಂಡು ಎರಡು ವರ್ಷಗಳಾಗಿದ್ದವು. ಉಳಿದವನು, ಚಿತ್ರ ತೋರಿಸುವ ಯಂತ್ರವನ್ನು ನಡೆಸುತ್ತಿದ್ದ ಆದಿನಾರಾಯಣ. ಈಗ ಹಿಂದೂಪುರದ ಮಾರುಕಟ್ಟೆಯ ಬೀದಿಯಲ್ಲಿ ಅವನದೊಂದು ಮೈಕ್‌ಸೆಟ್ಟಿನ ಅಂಗಡಿ.

*

ಆದರೂ ಅವರು ನೇರವಾಗಿ ಆ ಅಂಗಡಿಗೆ ಹೋಗಲಿಲ್ಲ. ಹಿಂದೂಪುರದಲ್ಲಿ ಇಳಿಯದೆ ಅದೇ ಬಸ್ಸಿನಲ್ಲಿ ಮುಂದುವರಿದು ಬೇವಿನಪಲ್ಲಿಗೆ ಹೋದರು. ಒಂದು ಪ್ರಶ್ನೆ ಅವರನ್ನು ಕಾಡುತ್ತಿತ್ತು. ಬೇವಿನಪಲ್ಲಿಯ ಇಪ್ಪತ್ತೇಳು ಮನೆಗಳಲ್ಲಿ ಚೌಡಕ್ಕನ ಚಾಕಿಯ ಹುಳುಗಳೇ ಬೆಳೆಯುತ್ತಿವೆ. ಸತ್ತಿವೆಯೋ ಬದುಕಿವೆಯೋ ಎಂಬುದಕ್ಕೆ ಪ್ರತಿಯೊಬ್ಬನ ಮನೆಯೊಳಗೇ ಪುರಾವೆಯಿದೆ. ಹಾಗಿದ್ದೂ ಒಂದು ಸುಳ್ಳು ಹದಿಮೂರು ದಿನ ಬದುಕಿದ್ದು ಹೇಗೆ?

ಮುನಿಯಕ್ಕ ತನ್ನ ಹುಳುಮನೆಯ ಮುಚ್ಚಿದ ಬಾಗಿಲಿನ ಹೊರಗೆ ಕುಳಿತು ಸೊಪ್ಪಿನ ಕಟ್ಟು ಬಿಚ್ಚುತ್ತಿದ್ದಳು.

"ಹುಳು ಹೇಗಿವೆ ಮುನಿಯಕ್ಕ?"

"ಅಂಗೆಲ್ಲ ಕೇಳಬಾರ್ದು ಸಾರೂ, ಕಣ್ಣಾಗ್ತದೆ. ಏನೋ, ಅವೆ."

"ಸತ್ತಿಲ್ಲ ತಾನೆ?"

"ಬಿಡ್ತು ಅನ್ನಿ! ನಮ್ಮನೇ ಹುಳಾನ ಎಂಗೋ ದ್ಯಾವ್ರು ಕಾಪಾಡ್ದ." ಅವಳು ದನಿಯನ್ನು ತಗ್ಗಿಸಿದಳು. "ಪಾಪ, ಆ ಈರಲಿಂಗಪ್ಪಣ್ಣನ ಮನೇವೆಲ್ಲ ಗುಂಡಿಗೋದ್ವಂತೆ ಕಣಪ್ಪ. ಪಂಚಾಯ್ತಿ ಹಿರೀಕ, ಬಾಯಿ ಬಿಟ್ಟು ಹೇಳ್ಕೊಂತಾನಾ?"

"ನೀನು ನೋಡಿದೆಯಾ?"

"ಹುಳ ಬೆಳ್ಯೋ ಹೊತ್ನಾಗೆ ಯಾರ ಹುಳುಮನೆಗೆ ಯಾರು ಹೋಯ್ತಾರೆ ಸಾರೂ? ಕಾಲಲ್ಲಿ ರೋಗ ಬತ್ತದೆ. ಇಪ್ಪತ್ತು ದಿನ ನನ್ನ ತಂಗೀನೂ ಒಳೀಕೆ ಬಿಡಲ್ಲ ನಾನು."

ಎಂಟು ಮನೆಗಳಾಚೆ ಈರಲಿಂಗಪ್ಪ ಸಿಕ್ಕಿದ. ನಾಳಿನ ಪಂಚಾಯಿತಿಯಲ್ಲಿ ಮಾತು ಮುಗಿಸಬೇಕಾದವನು ಅವನೇ. ಮೀಸೆಯನ್ನು ಸವರುತ್ತ ಅವನು ಹೇಳಿದ: "ನಮ್ಮವು ಏನೋ ಒಂದು ಮಟ್ಟಕ್ಕವೆ. ನಮ್ಮಪ್ಪನ ಕಾಲದ ಹುಳುಮನೆ, ಗಾಳಿ ಬೆಳಕು ಚೆಂದಾಗೈತೆ. ಆದ್ರೆ ಮುನಿಯಕ್ಕನ ಮನೇವು ಒಂದೂ ಉಳೀಲಿಲ್ವಂತೆ. ಹೆಣ್ಣೆಂಗಸು, ಯಾರ ಹತ್ರ ಅಳ್ತಾಳೆ?"

ಸೋಮಶೇಖರಪ್ಪನವರು ನಗಲಿಲ್ಲ. ಬೀದಿಯ ನಡುವೆ ನಿಂತು ಗಡಿಯಾರ ನೋಡಿದರು. ನಾಲ್ಕು ಗಂಟೆ, ಸಂಜೆಯ ಸೊಪ್ಪು ಹಾಕುವ ಹೊತ್ತು. ಮನೆಮನೆಯಲ್ಲಿಯೂ ಬಾಗಿಲು ತೆರೆದು, ಸೊಪ್ಪಿನ ಹೊರೆ ಒಳಗೆ ಹೋಗಿ, ಬಾಗಿಲು ಮುಚ್ಚಿಕೊಂಡಿತು.

ಅವರು ಮೊದಲನೆಯ ಮನೆಯ ಕಿಟಕಿಯ ಹೊರಗೆ, ಗೋಣಿಯ ಪರದೆಗೆ ಕಿವಿಗೊಟ್ಟು ನಿಂತರು.

ಸೋನೆಮಳೆಯ ಸದ್ದು. ಒಣ ಬೀದಿಯಲ್ಲಿ, ಮೋಡವಿಲ್ಲದ ಆಕಾಶದ ಕೆಳಗೆ, ಸಾವಿರಾರು ಬಾಯಿಗಳು ಎಲೆಯನ್ನು ಕತ್ತರಿಸುವ ಸಣ್ಣ ಸದ್ದು. ಎರಡನೆಯ ಮನೆಯಲ್ಲಿಯೂ ಮಳೆ. ಮೂರನೆಯದರಲ್ಲಿಯೂ. ಮುನಿಯಕ್ಕನ ಮನೆಯಲ್ಲಿಯೂ, ಈರಲಿಂಗಪ್ಪನ ಮನೆಯಲ್ಲಿಯೂ. ಇಪ್ಪತ್ತೇಳನೆಯ ಕಿಟಕಿಯ ಬಳಿ ನಿಂತಾಗ ಅವರ ಕುತ್ತಿಗೆ ನೋಯುತ್ತಿತ್ತು. ಆದರೆ ಬೀದಿಯ ಒಂದೇ ಒಂದು ಮನೆಯೂ ಮೌನವಾಗಿರಲಿಲ್ಲ. ಸತ್ತ ಹುಳು ಸೊಪ್ಪು ತಿನ್ನುವುದಿಲ್ಲ.

ಬರೆದವನ ಜಾಣತನ ಅವರಿಗೆ ಆಗ ಪೂರ್ತಿಯಾಗಿ ಅರ್ಥವಾಯಿತು. ನೆರೆಯವನ ಹುಳುಮನೆಗೆ ಕಾಲಿಡಬಾರದು. ತನ್ನ ಹುಳು ಚೆನ್ನಾಗಿದೆಯೆಂದು ಬಾಯಿ ಬಿಡಬಾರದು. ಹಿರಿಯರು ರೋಗಕ್ಕೂ ದೃಷ್ಟಿಗೂ ಹೆದರಿ ಮಾಡಿದ ಈ ಎರಡು ಕಟ್ಟುಪಾಡುಗಳ ನಡುವೆ ಸುಳ್ಳು ಸುಖವಾಗಿ ಮನೆ ಮಾಡಿತ್ತು. ಪ್ರತಿಯೊಬ್ಬನೂ ತನ್ನೊಬ್ಬನದು ದೇವರ ದಯೆಯಿಂದ ಉಳಿಯಿತೆಂದು ತಿಳಿದು, ಉಳಿದ ಇಪ್ಪತ್ತಾರು ಮನೆಗಳಿಗಾಗಿ ಮರುಗುತ್ತಿದ್ದನು.

ಹಿಂದಿರುಗಿ ಬಂದು ಈರಲಿಂಗಪ್ಪನಿಗೆ ಅದನ್ನು ಹೇಳಿದರು.

"ಎಲ್ಲರೂ ಒಂದೇ ಸಲ ಬಾಗಿಲು ತೆರೆದು ತೋರಿಸಿದರೆ ಸಾಕು ಈರಲಿಂಗಪ್ಪ."

"ಇನ್ನೇನು ಹುಳ ಹಣ್ಣಾಗಿ ಗೂಡು ಕಟ್ಟೋ ದಿನ ಬತ್ತಿರೋವಾಗ ಬಾಗಿಲು ತೆಗ್ಯೋದಾ? ಊರಿಗೂರೇ ನನ್ನ ಮೇಲೆ ಬಿದ್ಬುಡ್ತದೆ. ಕಿಟಕಿಗೆ ಕಿವಿಕೊಟ್ಟು ಕೇಳ್ಕೊಂಬಂದೆ ಅಂತ ಬೇರೆ ಯಾವನಾದ್ರೂ ಹೇಳಿದ್ರೆ ನಗ್ತಿದ್ದೆ." ಅವನು ಸ್ವಲ್ಪ ಹೊತ್ತು ಯೋಚಿಸಿದ. "ಹೇಳ್ತಿರೋದು ನೀವು. ನಾಳೆ ಪಂಚಾಯ್ತೀಲಿ ಎದ್ದು ನಿಂತು ಇದೇ ಮಾತು ಹೇಳಿ. ವ್ಯಾನ್ ಸಾರು ಹೇಳಿದ್ಮೇಲೆ ಇಲ್ಲ ಅನ್ನೋನು ಈ ಊರಲ್ಲಿಲ್ಲ."

ಚೌಡಕ್ಕನೂ ಅದನ್ನೇ ಹೇಳಿದಳು. ನಲವತ್ತು ದಾಟಿದ ಹೆಂಗಸು. ಚಾಕಿಮನೆಯ ಹೊಸ್ತಿಲಿನ ಹೊರಗೆ ನಿಂತು, ಎಳೆಯ ಎಲೆ ಕೊಚ್ಚಿ ಹಸಿರಾದ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. ಒಳಗೆ ಇರುವೆಗಿಂತ ದೊಡ್ಡವಲ್ಲದ ಮರಿಹುಳುಗಳು ತಟ್ಟೆತಟ್ಟೆಯ ತುಂಬ ಇದ್ದವು. ನಾಳೆ ಕೀಲಿಕೈ ಹೋದರೆ ಅವು ಗುಂಡಿಗೆ.

"ಹನ್ನೊಂದು ವರ್ಷ ಈ ಮನೆ ನೋಡ್ಕೊಂಡಿವ್ನಿ ಸಾರೂ. ನಾನು ಹೇಳಿದ್ರೆ, ತಪ್ಪುಸ್ಕೊಳ್ಳಾಕೆ ಹೇಳ್ತಾಳೆ ಅಂತಾರೆ. ನೀವು ಹೇಳ್ಬೇಕು. ನಿಮ್ಮ ವ್ಯಾನು ಬಂದು ಹೇಳಿದ್ದು ಒಂದಾದ್ರೂ ಸುಳ್ಳಾಗೈತಾ?"

*

ದೀಪ ಹಚ್ಚುವ ಹೊತ್ತಿಗೆ ಸೋಮಶೇಖರಪ್ಪನವರು ಮಾರುಕಟ್ಟೆಯ ಬೀದಿಯ ಅಂಗಡಿಯ ಮೆಟ್ಟಿಲು ಹತ್ತಿದರು. ಒಂದರೊಳಗೊಂದು ಸೇರಿಸಿಟ್ಟ ಧ್ವನಿವರ್ಧಕದ ತುತ್ತೂರಿಗಳ ನಡುವೆ ಕುಳಿತು ಆದಿನಾರಾಯಣ ತಂತಿಯೊಂದಕ್ಕೆ ಬೆಸುಗೆ ಹಾಕುತ್ತಿದ್ದ. ಅವರನ್ನು ಕಂಡೊಡನೆ ಎದ್ದು, ಹೆಗಲ ಮೇಲಿನ ಟವೆಲಿನಿಂದ ಸ್ಟೂಲನ್ನು ಒರೆಸಿದ.

"ಬನ್ನಿ ಸಾರ್, ಬನ್ನಿ. ಕೂತ್ಕಳ್ಳಿ. ಟೀ ತರುಸ್ಲಾ?"

"ಬೇಡ. ಆದೀ, ವಯಸ್ಸಾಯಿತು, ಮರೆವು ಹೆಚ್ಚು. ಕರಪತ್ರದ ಸಾಕ್ಷಿ ಎಷ್ಟು ದೂರದಲ್ಲಿರಬೇಕು ಎನ್ನುತ್ತಿದ್ದೆ ನಾನು?"

"ಒಂದು ಬಸ್ಸಿನ ದೂರ ಸಾರ್," ಎಂದ ಆದಿನಾರಾಯಣ, ಮಗ್ಗಿ ಒಪ್ಪಿಸಿದಷ್ಟು ಸರಾಗವಾಗಿ.

ಹೇಳಿದ ಮೇಲೆ ಅವನ ಕೈಯಲ್ಲಿದ್ದ ಬೆಸುಗೆಯ ಕಡ್ಡಿ ನಿಂತಲ್ಲೇ ನಿಂತಿತು. ಸೋಮಶೇಖರಪ್ಪನವರು ಎರಡು ಹಳದಿ ಹಾಳೆಗಳನ್ನು ಅವನ ಮುಂದೆ ಇಟ್ಟರು.

ಆದಿನಾರಾಯಣ ಕಡ್ಡಿಯನ್ನು ಕೆಳಗಿಟ್ಟು, ಹಾಳೆಗಳನ್ನು ಒಂದರ ಮೇಲೊಂದು ಸರಿಸಿದ.

"ಚಿಲಮತ್ತೂರು ರೋಡಲ್ಲಿ ನರಸಪ್ಪನೋರು ಹೊಸ ಚಾಕಿಮನೆ ಕಟ್ಟವ್ರೆ," ಎಂದ ಅವನು ಕೊನೆಗೆ. "ಜನ ಚೌಡಕ್ಕನ್ನ ಬಿಟ್ಟು ಈ ಕಡೀಕೆ ಬರೋ ಹಂಗೆ ಏನಾದ್ರೂ ಬರ್ಕೊಡಪ್ಪ ಅಂದ್ರು. ಬರ್ಕೊಟ್ಟೆ."

"ಒಬ್ಬ ಹೆಂಗಸಿನ ಬದುಕು ಹಾಳಾಗುತ್ತದೆಂದು ತಿಳಿಯಲಿಲ್ಲವೇ ನಿನಗೆ?"

"ತಿಳೀತು. ಆದ್ರೆ ವ್ಯಾನಿಂದ ನನ್ನ ಇಳ್ಸಿದ್ಮೇಲೆ ನಂಗೆ ಬರೋ ಕೆಲ್ಸ ಇನ್ಯಾವುದು ಸಾರ್? ನೀವು ಕಲ್ಸಿದ್ದೊಂದೇ."

"ನಾನು ಸುಳ್ಳು ಕಲಿಸಲಿಲ್ಲ!"

ಆದಿನಾರಾಯಣ ತಲೆಯೆತ್ತಿ ನೋಡಿದ. ಆ ನೋಟದಲ್ಲಿ ಕೋಪವಿರಲಿಲ್ಲ. ಒಂದು ಬಗೆಯ ಕನಿಕರವಿತ್ತು.

"ಓಬುಳಪತಿನ್ನ ಹುಡ್ಕೊಂಡು ಹೋಗಿದ್ರಾ?"

"ಬೆಳಿಗ್ಗೆ ಹೋಗಿದ್ದೆ. ಕಲ್ಯಾಣದುರ್ಗದಲ್ಲಿ ಅಂಥವನೊಬ್ಬನಿಲ್ಲ."

"ಅಯ್ಯೋ, ನನ್ನ ಕೇಳ್ಬಾರ್ದಾಗಿತ್ತಾ ಸಾರ್! ನಿಮ್ಮ ಬಸ್ ಚಾರ್ಜಾದ್ರೂ ಉಳೀತಿತ್ತು." ಅವನು ನಗಲು ಹೋಗಿ, ನಗಲಾರದೆ, ಬೆಂಚಿನ ಕೆಳಗಿನ ತಗಡಿನ ಪೆಟ್ಟಿಗೆಯನ್ನು ಎಳೆದ. ಹಳೆಯ ಫಿಲ್ಮಿನ ಡಬ್ಬಿಗಳ ಅಡಿಯಿಂದ ಮಡಿಕೆ ಬಿದ್ದ ಒಂದು ಹಾಳೆಯನ್ನು ತೆಗೆದು, ಎರಡೂ ಕೈಗಳಲ್ಲಿ ಹಿಡಿದು ಕೊಟ್ಟ.

ಸಾವಿರದ ಒಂಬೈನೂರ ಎಪ್ಪತ್ತಾರನೆಯ ಇಸವಿಯದು. ಕುಟುಂಬ ಯೋಜನೆಯ ಶಿಬಿರದ ಕರಪತ್ರ.

"ರೈತ ಬಾಂಧವರೇ! ನಾನೂ ನಿಮ್ಮಂತೆಯೇ ಮಣ್ಣಿಗೆ ಬೆವರು ಸುರಿಸಿದವನು. ಎರಡು ಮಕ್ಕಳ ಮೇಲೆ ನಾವು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಸುಖವಾಗಿದ್ದೇವೆ. ಊರೂರುಗಳೇ ಮುಂದೆ ಬಂದಿವೆ. ನೀವೊಬ್ಬರೇ ಏಕೆ ಹಿಂದುಳಿಯುವಿರಿ? ಇತಿ, ಕಲ್ಯಾಣದುರ್ಗದ ಓಬುಳಪತಿ, ರೈತ."

ವಾಕ್ಯದ ನಡೆ ತಮ್ಮದು. ವಿರಾಮದ ಚಿಹ್ನೆಗಳು ತಮ್ಮವು. ನೂರಾರು ಕರಪತ್ರಗಳ ನಡುವೆ ಮರೆತುಹೋಗಿದ್ದ ಹೆಸರೂ ತಮ್ಮದೇ ಸೃಷ್ಟಿ. ಬೆಳಿಗ್ಗೆ ಅವರು ಒಂದು ಬಸ್ಸಿನ ದೂರ ಹೋಗಿ ಹುಡುಕಿದ್ದು, ಹನ್ನೆರಡು ವರ್ಷಗಳ ಹಿಂದೆ ತಾವೇ ಕಾಗದದ ಮೇಲೆ ಹುಟ್ಟಿಸಿದ್ದ ಮನುಷ್ಯನನ್ನು.

"ನನ್ನ ಉದ್ದೇಶ ಒಳ್ಳೆಯದಾಗಿತ್ತು," ಎಂದರು. ತಮ್ಮ ಧ್ವನಿ ತಮಗೇ ಸಣ್ಣದಾಗಿ ಕೇಳಿತು.

"ಇರಬೌದು ಸಾರ್. ಆದ್ರೆ ಉದ್ದೇಶ ಕಾಗದದ ಮೇಲೆ ಕಾಣ್ಸಲ್ವಲ್ಲ. ಓಬುಳಪತಿಗೂ ಗೊತ್ತಿಲ್ಲ. ನೀವು ನಗು ಅಂದ್ರಿ, ನಕ್ಕ. ನಾನು ಅಳು ಅಂದೆ, ಅತ್ತ." ಅವನು ದನಿಯನ್ನು ತಗ್ಗಿಸಿದ. "ಆವತ್ತು ಈ ಕಾಗದ ಓದುಸ್ಕೊಂಡು, ಬೇವಿನಪಲ್ಲಿಯಿಂದ ಎಲ್ಲರಿಗಿಂತ ಮೊದ್ಲು ಶಿಬಿರಕ್ಕೆ ಬಂದೋಳು ಯಾರು ಅಂತ ಜ್ಞಾಪಕ ಐತಾ? ಚೌಡಕ್ಕ."

ಸೋಮಶೇಖರಪ್ಪನವರು ಕಣ್ಣು ಮುಚ್ಚಿಕೊಂಡರು. 'ನಿಮ್ಮ ವ್ಯಾನು ಬಂದು ಹೇಳಿದ್ದು ಒಂದಾದ್ರೂ ಸುಳ್ಳಾಗೈತಾ?' ಎಂದು ಸಂಜೆ ಕೇಳಿದವಳು ಅವಳೇ.

"ನಾಳೆ ನೀನು ಬರಬೇಕು ಆದೀ. ಬರೆದವನು ನಾನೇ ಎಂದು ನೀನು ಒಪ್ಪಿಕೊಂಡರೆ ಎಲ್ಲವೂ ಅಲ್ಲಿಗೇ ಮುಗಿಯುತ್ತದೆ. ಹಳೆಯ ಹಾಳೆಯ ಮಾತೇ ಬೇಕಾಗುವುದಿಲ್ಲ."

"ಬತ್ತೀನಿ ಸಾರ್," ಎಂದ ಅವನು, ನೆಲವನ್ನು ನೋಡುತ್ತ. "ನೀವು ಬಾ ಅಂದ್ರೆ ನಾನು ಯಾವತ್ತು ಇಲ್ಲ ಅಂದಿವ್ನಿ? ನಾನೇ ಹೇಳ್ತೀನಿ. ಓಬುಳಪತಿ ಇಲ್ಲ, ಹುಟ್ಟೇ ಇಲ್ಲ ಅಂತ."

ಅಷ್ಟರಲ್ಲಿ ಬೀದಿಯ ತುದಿಯಿಂದ ಗೆಜ್ಜೆಯ ಸದ್ದು ಕೇಳಿಸಿತು. ಮುಂದೆಯೊಂದು ಹಿಂದೆಯೊಂದು ತುತ್ತೂರಿ ಕಟ್ಟಿಕೊಂಡ ಜಟಕಾಬಂಡಿ ನಿಧಾನವಾಗಿ ಬರುತ್ತಿತ್ತು. ಮೊದಲು ತೆಲುಗಿನಲ್ಲಿ, ಅನಂತರ ಕನ್ನಡದಲ್ಲಿ, ಪರಿಚಯವಿಲ್ಲದ ಒಂದು ಗಂಡುದನಿ ಕೂಗಿತು:

"ರೈತ ಬಾಂಧವರೇ! ನಾಳೆ ಬೆಳಿಗ್ಗೆ ಹತ್ತು ಗಂಟೆಗೆ, ಬೇವಿನಪಲ್ಲಿಯ ಪಂಚಾಯಿತಿ ಕಟ್ಟೆಯ ಮುಂದೆ, ಚೌಡಕ್ಕನ ಚಾಕಿಯಿಂದ ನಷ್ಟ ಹೊಂದಿದ ಕಲ್ಯಾಣದುರ್ಗದ ಓಬುಳಪತಿಯವರು ಸ್ವತಃ ಬಂದು ಸಾಕ್ಷಿ ಹೇಳುವರು! ಬನ್ನಿ, ನಿಮ್ಮ ಕಣ್ಣಿನಿಂದಲೇ ನೋಡಿ!"

ಜಟಕಾ ಅಂಗಡಿಯನ್ನು ದಾಟಿ ಹೋಯಿತು. ಆದಿನಾರಾಯಣ ಬಾಗಿಲಿಗೆ ಬಂದು ಅದರ ಹಿಂದೆಯೇ ನೋಡಿದ.

"ಸಾರ್... ಆ ತುತ್ತೂರಿ ನನ್ನದಲ್ಲ. ಆ ಮಾತೂ ನಾನು ಬರ್ದಿದ್ದಲ್ಲ. ನಿಮ್ಮಾಣೆ." ಅವನು ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡ. "ನಾಳೆ ಅವನೇ ಬಂದು ನಿಂತ್ಮೇಲೆ, ಅವನು ಹುಟ್ಟೇ ಇಲ್ಲ ಅಂತ ನಾನು ಹೇಳಿದ್ರೆ ಯಾರು ಕೇಳ್ತಾರೆ?"

ಯಾರೂ ಕೇಳುವುದಿಲ್ಲ. ಸೋಮಶೇಖರಪ್ಪನವರಿಗೆ ಅದು ತಿಳಿದಿತ್ತು. ಹೊಟ್ಟೆಗಾಗಿ ಬರೆದ ಮೈಕಿನವನ ಮಾತಿಗೆ ಯಾವ ತೂಕವೂ ಇರದು; ಕಣ್ಣೆದುರಿಗೆ ನಿಂತು ಅಳುವ ರೈತನ ಮಾತಿಗೆ ಇರುತ್ತದೆ. ನರಸಿಂಹಯ್ಯನ ಹೆಸರಿನ ಹಾಳೆಯನ್ನು ತೋರಿಸಿದರೂ, ಅದು ತನ್ನ ಮಾತನ್ನೇ ಕದ್ದು ಬರೆದದ್ದು ಎಂದುಬಿಡುತ್ತಾನೆ ಅವನು. ಆ ಮನುಷ್ಯನನ್ನು ಅಲ್ಲಗಳೆಯಬಲ್ಲ ಪುರಾವೆ ಒಂದೇ, ಅದು ತಮ್ಮ ಕೈಯಲ್ಲಿದ್ದ ಹನ್ನೆರಡು ವರ್ಷದ ಹಳೆಯ ಹಾಳೆ. ಅದನ್ನು ಚೌಡಕ್ಕನ ಮುಂದೆ ಓದಿದ ಮೇಲೆ, ಇಪ್ಪತ್ತೇಳು ಕಿಟಕಿಗಳಲ್ಲಿ ಸೋನೆಮಳೆ ಕೇಳಿದೆನೆಂಬ ವ್ಯಾನ್ ಸಾರಿನ ಮಾತನ್ನು ನಂಬುವವರು ಬೇವಿನಪಲ್ಲಿಯಲ್ಲಿ ಯಾರು ಉಳಿಯುತ್ತಾರೆ?

ಅವರು ಹಾಳೆಯನ್ನು ಹಳೆಯ ಮಡಿಕೆಗಳಲ್ಲಿಯೇ ಮಡಿಸಿ ಜೇಬಿಗಿಟ್ಟರು.

"ಆದೀ, ಕಲ್ಯಾಣದುರ್ಗದ ಮೊದಲ ಬಸ್ಸು ಇಲ್ಲಿಗೆ ಎಷ್ಟು ಗಂಟೆಗೆ ಬರುತ್ತದೆ?"

"ಎಂಟೂವರೆಗೆ ಸಾರ್. ಯಾಕೆ?"

"ಓಬುಳಪತಿ ಆ ಬಸ್ಸಿನಲ್ಲೇ ಬರಬೇಕು. ನಾವಿಬ್ಬರೂ ನಿಲ್ದಾಣದಲ್ಲಿರಬೇಕು," ಎಂದರು ಸೋಮಶೇಖರಪ್ಪನವರು. "ಅವನ ಮುಖವನ್ನು ನಾನು ಒಂದು ಸಲವೂ ನೋಡಿಲ್ಲ."